ಹುಬ್ಬಳ್ಳಿಯ ಮಹಾಮಾರಿಯೂ ಸರಕಾರದ ಆರೋಗ್ಯಕ್ರಮಗಳೂ

ಕನ್ನಡನಾಡಿನ ಚರಿತ್ರೆಯನ್ನು ಬರೆದವರು ಯುದ್ಧಕ್ಕೂ ಬರಗಾಲಕ್ಕೂ ಕೊಟ್ಟಷ್ಟು ಸ್ಥಳವನ್ನು ಸಾಂಕ್ರಾಮಿಕ ರೋಗಗಳಿಗೆ ಕೊಟ್ಟಿಲ್ಲ. ಆದರೆ ಸರಕಾರಕ್ಕೂ ಪ್ರಜೆಗಳಿಗೂ ಇರುವ ಸಂಬಂಧವು ಒರೆಗೆ ಹತ್ತುವುದು ಇಂತಹ ಕಾಲದಲ್ಲಿಯೇ. ಹುಬ್ಬಳ್ಳಿಯ ಪ್ಲೇಗಿನ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಹಾಮಾರಿಯು ಕ್ರಮೇಣ ದಕ್ಷಿಣಕ್ಕೆ ಹಬ್ಬಿತು. ಸರಕಾರವು 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದಿತು. ಪ್ರಯಾಣಿಕರ ತಪಾಸಣೆ, ರೋಗಿಗಳ ಪ್ರತ್ಯೇಕವಾಸ, ಮನೆಗಳ ಶುದ್ಧೀಕರಣ ಇವೆಲ್ಲಕ್ಕೂ ಅದೇ ಆಧಾರವಾಯಿತು. ಕ್ರಮಗಳು ಅವಶ್ಯವಾಗಿದ್ದರೂ ಅವುಗಳನ್ನು ನಡೆಸಿದ ರೀತಿಯು ಎಲ್ಲೆಡೆಯೂ ಹಿತವಾಗಿರಲಿಲ್ಲ. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ಜನರ ರೋಷವು ಉಕ್ಕಿ, 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಜನರು ಅಂಜಿ ರೋಗಿಗಳನ್ನು ಅಡಗಿಸತೊಡಗಿದರೆ ಎಂತಹ ಕಟ್ಟಳೆಯೂ ನಿಷ್ಫಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮರುವರ್ಷ ಹುಬ್ಬಳ್ಳಿಗೆ ಈ ವಿಪತ್ತು ಒದಗಿತು. ಅದು ಅರಳೆಯ ಪೇಟೆಯೂ ರೈಲ್ವೆ ಕಾರ್ಖಾನೆಯೂ ಉಳ್ಳ ಜನನಿಬಿಡವಾದ ಊರು. ಹಾಫ್ಕಿನ್ ಪಂಡಿತರು 1897ರ ಜನವರಿಯಲ್ಲಿ ಮೊದಲು ತಮ್ಮ ಮೈಮೇಲೆಯೇ ಪರೀಕ್ಷಿಸಿಕೊಂಡಿದ್ದ ಲಸಿಕೆಯನ್ನು ವೈದ್ಯಾಧಿಕಾರಿ ಲ್ಯೂಮನ್ನರು ಇಲ್ಲಿ ವಿಸ್ತಾರವಾಗಿ ಪ್ರಯೋಗಿಸಿದರು. ಸುಮಾರು 50 ಸಾವಿರ ಜನಸಂಖ್ಯೆಯುಳ್ಳ ಆ ಪಟ್ಟಣದಲ್ಲಿ 38 ಸಾವಿರಕ್ಕೂ ಮೇಲ್ಪಟ್ಟು ಜನರು 1898ರಲ್ಲಿ ಲಸಿಕೆಯನ್ನು ಹಾಕಿಸಿಕೊಂಡರು. ಹಾಕಿಸಿಕೊಂಡವರಲ್ಲಿ ಮರಣವು ಬಹಳ ಕಡಿಮೆಯಾಗಿತ್ತು. ಪುಣೆಯಲ್ಲಿ ಸೈನ್ಯಬಲದಿಂದ ಸಾಧಿಸಲಾಗದ ಸಹಕಾರವು ಇಲ್ಲಿ ಜನರಿಂದಲೇ ದೊರೆಯಿತು.

ಅಂದಿನ ಕ್ರಮಗಳೆಲ್ಲವೂ ಫಲಕಾರಿಯಾದುವೆಂದಲ್ಲ. ರೋಗವನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂದು ಸೀಮಾಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ತೋರಿಸಿದರೂ, ಅದು ಸರ್ವಮಾನ್ಯವಾಗಲು ಹಲವು ವರ್ಷಗಳು ಹಿಡಿದವು. ಅಲ್ಲಿಯವರೆಗೆ ಗೋಡೆ ನೆಲಗಳನ್ನು ಔಷಧದಿಂದ ತೊಳೆಯುವುದಕ್ಕೆ ಬಹಳ ಶ್ರಮವು ವ್ಯಯವಾಯಿತು. ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರು ಮಾತ್ರ, ಕಾರಣವನ್ನು ಅರಿಯದೆಯೇ, ಇಲಿಗಳಿಂದ ದೂರವಾಗಿ ಬದುಕಿದರು.

1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನೂ ಮುಟ್ಟಿತು. ಮೈಸೂರು ಸಂಸ್ಥಾನದವರು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿದರು. ಇಕ್ಕಟ್ಟಾದ ಪೇಟೆಯ ಹೊರಗೆ ಗಾಳಿ ಬೆಳಕುಗಳುಳ್ಳ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು.

ಆ 1897ರ ಕಾಯಿದೆಯನ್ನೇ ಆಧರಿಸಿ 2020ರ ಮಾರ್ಚಿಯಲ್ಲಿ ಕರ್ನಾಟಕ ಸರಕಾರವು ಕೋವಿಡ್ ರೋಗದ ನಿಯಮಗಳನ್ನು ಹೊರಡಿಸಿತು. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆಯ ಕಾರ್ಯವು ಆರಂಭವಾಯಿತು. ಕಡಬದ ಬಳಿಯ ಇಚಿಲಂಪಾಡಿಯಂತಹ ಗ್ರಾಮಗಳಲ್ಲಿ ರಾಜಧಾನಿಯ ಆಜ್ಞೆಯನ್ನು ಮನೆಬಾಗಿಲಿಗೆ ಮುಟ್ಟಿಸಬೇಕಾದವರು ಆಶಾ ಕಾರ್ಯಕರ್ತೆಯರೇ ಹೊರತು ಸೈನಿಕರಲ್ಲ. ಪುಣೆ ಹುಬ್ಬಳ್ಳಿಗಳ ಅನುಭವವನ್ನು ಬಲ್ಲವರಿಗೆ ಈ ವ್ಯತ್ಯಾಸದ ಬೆಲೆಯು ತಿಳಿಯದಿರದು. ರೋಗವನ್ನು ತಡೆಯಲು ಕಾಯಿದೆಯೂ ಬೇಕು, ವೈದ್ಯಶಾಸ್ತ್ರವೂ ಬೇಕು. ಇವೆರಡನ್ನೂ ಮನೆಯೊಳಕ್ಕೆ ಬರಮಾಡಿಕೊಳ್ಳುವುದು ಜನರ ವಿಶ್ವಾಸವೊಂದೇ.