ಈಜಿಪ್ಟಿನ ಸಾಲ: ಇಸ್ಮಾಯಿಲನಿಂದ ಇಂದಿನವರೆಗೆ

ಹೊರದೇಶದವರಿಂದ ಪಡೆದು, ಸಾಮಾನ್ಯವಾಗಿ ಹೊರನಾಣ್ಯದಲ್ಲೇ ತೀರಿಸಬೇಕಾದ ಹಣವನ್ನು ವಿದೇಶಿ ಸಾಲ ಎನ್ನುತ್ತಾರೆ. ಈಜಿಪ್ಟು ಅಂಥ ಮೊದಲ ಸಾರ್ವಜನಿಕ ಸಾಲವನ್ನು ಎತ್ತಿದ್ದು 1862ರಲ್ಲಿ, ಸಯೀದ್ ಪಾಷಾನ ಆಳ್ವಿಕೆಯ ಕೊನೆಗಾಲದಲ್ಲಿ. ಮರುವರ್ಷ ಪಟ್ಟಕ್ಕೆ ಬಂದ ಇಸ್ಮಾಯಿಲನ ಕಾಲದಲ್ಲಿ ಒಟ್ಟು ಸಾಲ 9 ಕೋಟಿ ಪೌಂಡನ್ನು ದಾಟಿತು. ಇದನ್ನು ಅರಮನೆಯ ದುಂದುಗಾರಿಕೆಯ ಕತೆಯಾಗಿ ಹೇಳುವ ರೂಢಿಯಿದೆ. ಅದರಲ್ಲಿ ಸತ್ಯವಿಲ್ಲವೆಂದಲ್ಲ, ಆದರೆ ಸಾಲ ಕೊಟ್ಟವರ ಲೆಕ್ಕವನ್ನೂ ತೆರೆದು ನೋಡಿದರೆ ಇಸ್ಮಾಯಿಲನೊಬ್ಬನ ಮೇಲೆ ಗೂಬೆ ಕೂರಿಸುವುದು ಕಷ್ಟ.

1861ರಲ್ಲಿ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ಬರುವುದು ನಿಂತಾಗ ಲ್ಯಾಂಕಾಶೈರಿನ ಗಿರಣಿಗಳು ನೈಲ್ ಕಣಿವೆಯತ್ತ ತಿರುಗಿದವು. ಅದೇ ಬೇಡಿಕೆ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಚಿನ್ನದ ಬೆಲೆ ತಂದಿತ್ತು. 1865ರಲ್ಲಿ ಯುದ್ಧ ಮುಗಿದು ಬೆಲೆ ಇಳಿಯಿತು, ಆದರೆ ಏರಿದ ಬೆಲೆಯನ್ನು ನಂಬಿ ಈಜಿಪ್ಟು ಕೈಹಾಕಿದ್ದ ರೈಲುಮಾರ್ಗ, ನೀರಾವರಿ ಕಾಲುವೆ, ಸಕ್ಕರೆ ಕಾರ್ಖಾನೆಗಳನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಹಾಗಾಗಿ ಹಳೆಯ ಸಾಲದ ಬಡ್ಡಿಗೆ ಹೊಸ ಸಾಲ ಬಂದಿತು.

1873ರ ಸಾಲವನ್ನೇ ನೋಡಬಹುದು. ಅದರ ಮುಖಬೆಲೆ, ಅಂದರೆ ಪತ್ರದ ಮೇಲೆ ಬರೆದ ಮತ್ತು ತೀರಿಸಬೇಕಾದ ಮೊತ್ತ, 3 ಕೋಟಿ 20 ಲಕ್ಷ ಪೌಂಡು; ವಟಾವು, ದಲ್ಲಾಳಿ ಶುಲ್ಕ ಎಲ್ಲ ಕಳೆದು ಖಜಾನೆಗೆ ದಕ್ಕಿದ್ದು ಸುಮಾರು 2 ಕೋಟಿ. ಬಡ್ಡಿ ಮಾತ್ರ ಶೇ 7ರಂತೆ ಪೂರ್ತಿ ಮುಖಬೆಲೆಯ ಮೇಲೆ ಬೀಳುತ್ತಿದ್ದುದರಿಂದ, ಕೈಗೆ ಬಂದ ಹಣದ ಲೆಕ್ಕದಲ್ಲಿ ಅದು ಶೇ 11ನ್ನು ಮೀರುತ್ತಿತ್ತು. ಇದಕ್ಕೆ ಎರಡು ವರ್ಷ ಮೊದಲೇ ಸರ್ಕಾರ ಮುಕಾಬಲಾ ಎಂಬ ಶಾಸನ ತಂದಿತ್ತು: ಆರು ವರ್ಷದ ಕಂದಾಯವನ್ನು ಮುಂಗಡವಾಗಿ ಕಟ್ಟಿದ ಭೂಮಾಲೀಕನಿಗೆ ಮುಂದೆ ಎಂದೆಂದಿಗೂ ಅರ್ಧ ಕಂದಾಯ ಮಾಫಿ. ನಾಳೆಯ ಆದಾಯವನ್ನು ಇಂದೇ, ಅದೂ ಅರ್ಧ ಬೆಲೆಗೆ ಮಾರುವ ಈ ಉಪಾಯ, ಖಜಾನೆ ಎಷ್ಟು ಬರಿದಾಗಿತ್ತೆಂಬುದಕ್ಕೆ ಸಾಕ್ಷಿ.

1875ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ಕಂಪನಿಯಲ್ಲಿ ಈಜಿಪ್ಟಿಗಿದ್ದ 1,76,602 ಷೇರುಗಳು ಸುಮಾರು 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರದ ಪಾಲಾದವು. ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿ ಅದಕ್ಕೆ ರಾಥ್‌ಸ್ಚೈಲ್ಡ್ ಸಂಸ್ಥೆಯಿಂದ ಹಣ ಪಡೆದಿದ್ದನು. ಷೇರು ಮಾರಿದ ಹಣ ಆರು ತಿಂಗಳೂ ತಡೆಯಲಿಲ್ಲ. 1876ರ ಏಪ್ರಿಲಿನಲ್ಲಿ ಈಜಿಪ್ಟು ಪಾವತಿ ನಿಲ್ಲಿಸಿತು, ಮೇ ತಿಂಗಳಲ್ಲಿ ಸಾಲಗಾರ ದೇಶದ ಆದಾಯವನ್ನು ನೇರವಾಗಿ ಪಡೆದು ಸಾಲಕೊಟ್ಟವರಿಗೆ ಹಂಚುವ 'ಕೆಸ್ ದ ಲಾ ದೆತ್' ಎಂಬ ಯುರೋಪಿಯನ್ ಆಯೋಗ ಸ್ಥಾಪನೆಯಾಯಿತು. 1879ರಲ್ಲಿ ಇಸ್ಮಾಯಿಲ್ ಪದಚ್ಯುತನಾದನು. ಮರುವರ್ಷ ಕಾಲುವೆಯ ಲಾಭದಲ್ಲಿ ದೇಶಕ್ಕಿದ್ದ ಶೇ 15ರ ಹಕ್ಕೂ ಮಾರಾಟವಾಯಿತು. ವಿದೇಶಿ ಹಿಡಿತದ ವಿರುದ್ಧ ಎದ್ದ ಸೇನಾಧಿಕಾರಿ ಉರಾಬಿಯ ದಂಗೆಯನ್ನು 1882ರಲ್ಲಿ ಹತ್ತಿಕ್ಕಿದ ಬ್ರಿಟಿಷ್ ಪಡೆಯಲ್ಲಿ ಭಾರತೀಯ ಸೈನಿಕರೂ ಇದ್ದರು. ಮುಂದಿನ ವರ್ಷದಿಂದ 1907ರವರೆಗೆ ಅಲ್ಲಿ ನಿಜವಾದ ಅಧಿಕಾರ ನಡೆಸಿದ ಈವ್ಲಿನ್ ಬೇರಿಂಗ್, ಅಂದರೆ ಲಾರ್ಡ್ ಕ್ರೋಮರ್, ಮೊದಲು ಆ ಸಾಲ ಆಯೋಗದ ಸದಸ್ಯನಾಗಿ, ಆಮೇಲೆ ಭಾರತದ ಹಣಕಾಸು ಸದಸ್ಯನಾಗಿ ಕೆಲಸ ಮಾಡಿದ್ದವನು.

ಆಯೋಗ ರದ್ದಾದದ್ದು 1940ರಲ್ಲಿ. ಎರಡನೆಯ ಮಹಾಯುದ್ಧದ ವೆಚ್ಚದಿಂದ ಬ್ರಿಟನ್ನೇ ಈಜಿಪ್ಟಿಗೆ ಸಾಲಗಾರನಾಯಿತು, 1956ರಲ್ಲಿ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದನು. ಆದರೂ ಸಾಲ ಮರಳಿ ಬೆಳೆಯಿತು: ಕೊಲ್ಲಿ ಯುದ್ಧದ ನಂತರ 1991ರಲ್ಲಿ ಪ್ಯಾರಿಸ್ ಕ್ಲಬ್, ಅಂದರೆ ಸಾಲಕೊಟ್ಟ ಸರ್ಕಾರಗಳ ಕೂಟ, ತನಗೆ ಬರಬೇಕಿದ್ದುದರಲ್ಲಿ ಅರ್ಧದಷ್ಟನ್ನು ಬಿಟ್ಟುಕೊಟ್ಟಿತು, 2023ರ ಕೊನೆಗೆ ವಿದೇಶಿ ಸಾಲ ಸುಮಾರು 16,800 ಕೋಟಿ ಡಾಲರಿಗೆ ಮುಟ್ಟಿತ್ತು. 2024ರ ಫೆಬ್ರವರಿಯಲ್ಲಿ ಮೆಡಿಟರೇನಿಯನ್ ತೀರದ ರಾಸ್ ಅಲ್-ಹಿಕ್ಮಾ ನೆಲದ ಅಭಿವೃದ್ಧಿಯ ಹಕ್ಕನ್ನು 3,500 ಕೋಟಿ ಡಾಲರಿನ ಒಪ್ಪಂದದಲ್ಲಿ ಅಬುಧಾಬಿಯ ಸಂಸ್ಥೆಗೆ ಕೊಡಲಾಯಿತು. ಮಾರ್ಚಿನಲ್ಲಿ ಈಜಿಪ್ಟಿನ ಪೌಂಡಿನ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಾಗ ಡಾಲರಿಗೆ 31ರಷ್ಟಿದ್ದುದು 50ರ ಹತ್ತಿರಕ್ಕೆ ಜಾರಿತು, ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ತನ್ನ ನೆರವನ್ನು 300ರಿಂದ 800 ಕೋಟಿ ಡಾಲರಿಗೆ ಹೆಚ್ಚಿಸಿತು. ಹಣದುಬ್ಬರ 2023ರ ಸೆಪ್ಟೆಂಬರಿನ ಶೇ 38ರಿಂದ ಇಳಿಯಿತಾದರೂ, ಡಾಲರು ತರುವ ಮುಖ್ಯ ದಾರಿಗಳಲ್ಲೊಂದಾದ ಕಾಲುವೆ, ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೌತಿ ಬಂಡುಕೋರರ ದಾಳಿಗೆ ಹೆದರಿದ ಹಡಗುಗಳು ಆಫ್ರಿಕವನ್ನು ಸುತ್ತಿ ಹೋಗತೊಡಗಿದ ಮೇಲೆ, 2023ರ ಸುಮಾರು 1,000 ಕೋಟಿ ಡಾಲರಿನ ಬದಲು 2024ರಲ್ಲಿ 400 ಕೋಟಿಯಷ್ಟನ್ನೇ ಗಳಿಸಿತು.