ಟಿವಿ ಪಕ್ಕದ ಕಪ್ಪು ಡಬ್ಬಿ

ನಿಮ್ಮನೇಲಿ ಟಿವಿಗೆ ಎರಡನೇ ರಿಮೋಟ್ ಬಂದದ್ದು ಯಾವಾಗ, ನೆನಪಿದೆಯಾ? ಬೆಂಗಳೂರು, ಮೈಸೂರಿನ ಕೇಬಲ್ ಮನೆಗಳಾದರೆ ಹೆಚ್ಚುಕಮ್ಮಿ 2013. ಆ ಮಾರ್ಚ್ 31ರೊಳಗೆ ಸೆಟ್‌ಟಾಪ್ ಬಾಕ್ಸ್ ಹಾಕಿಸಿಕೊಳ್ಳಿ ಅಂತ ಕೇಂದ್ರ ಸರ್ಕಾರ 38 ನಗರಗಳಿಗೆ ಗಡುವು ಕೊಟ್ಟಿತ್ತು. ಅಲ್ಲಿವರೆಗೆ ವೈರನ್ನು ನೇರ ಟಿವಿ ಹಿಂದೆ ಚುಚ್ಚಿದರೆ ಮುಗೀತಿತ್ತು.

ಡಬ್ಬಿಯ ಕಥೆ ಮಾತ್ರ ಇನ್ನೂ ಹಳೇದು. 2002ರ ಕೊನೆಗೆ ಸಂಸತ್ತು ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದಾಗ ಜನರಿಗೆ ಹೇಳಿದ್ದು ಒಂದೇ ಮಾತು: ನೋಡೋ ಪೇ ಚಾನೆಲ್‌ಗಷ್ಟೇ ದುಡ್ಡು ಕೊಡಿ. ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ ನಾಲ್ಕೂ ಕಡೆ ಜಾರಿಯಾಗಬೇಕಿತ್ತು. 2003ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು ಚೆನ್ನೈಯಲ್ಲಿ ಮಾತ್ರ. ಮೊದಲು ಸಾವಿರಾರು ರೂಪಾಯಿ ಕೊಟ್ಟು ಡಬ್ಬಿ ಕೊಳ್ಳಿ, ಆಮೇಲೆ ಉಳಿತಾಯ ಮಾಡಿ ಅಂದ್ರೆ ಯಾರು ತಾನೇ ಒಪ್ತಾರೆ?

ಚಾನೆಲ್ ಆರಿಸೋ ಹಕ್ಕು ದೇಶದ ಎಲ್ಲ ಮನೆಗೂ ಬಂದದ್ದು 2019ರ ಫೆಬ್ರವರಿಯಲ್ಲಿ, ಟ್ರಾಯ್‌ನ ಹೊಸ ದರಪಟ್ಟಿಯ ಜೊತೆ. 100 ಚಾನೆಲ್‌ಗೆ 130 ರೂಪಾಯಿ, ಮೇಲೆ ತೆರಿಗೆ. ಪೇ ಚಾನೆಲ್‌ಗಳ ಬೆಲೆ ಬೇರೆ. ನಮ್ಮಮ್ಮ ಉತ್ಸಾಹದಿಂದ ಹಾಳೆ ತಗೊಂಡು ಕೂತರು. ಧಾರಾವಾಹಿಗೆ ಎರಡು, ಕ್ರಿಕೆಟ್‌ಗೆ ಒಂದು, ಮೊಮ್ಮಗನ ಕಾರ್ಟೂನ್... ಕೂಡಿಸಿದರೆ ಹಳೇ ಬಿಲ್ಲಿಗಿಂತ ಜಾಸ್ತಿ!

ಯಾಕೆ ಅಂದ್ರೆ, ಬಿಡಿ ಚಾನೆಲ್‌ಗೆ ಪೂರ್ತಿ ಬೆಲೆ, ಪ್ಯಾಕ್‌ಗೆ ಭಾರೀ ರಿಯಾಯಿತಿ. ಆ ರಿಯಾಯಿತಿ ಶೇ. 15 ದಾಟಬಾರದು ಅಂತ ಟ್ರಾಯ್ ಮಿತಿ ಹಾಕಿತ್ತು. ವಾಹಿನಿಗಳು ಕೋರ್ಟಿಗೆ ಹೋದವು, ಮದ್ರಾಸ್ ಹೈಕೋರ್ಟ್ 2018ರಲ್ಲೇ ಆ ಮಿತಿಯನ್ನು ತೆಗೆದುಹಾಕಿತು. ಕಾನೂನಿನಲ್ಲಿ ಆಯ್ಕೆ ಉಳೀತು, ಲೆಕ್ಕದಲ್ಲಿ ಉಳೀಲಿಲ್ಲ.

"ಪ್ಯಾಕೇ ತಗೊಳ್ಳಿ ಆಂಟಿ, ಅದೇ ಅಗ್ಗ" ಅಂದ ಕೇಬಲ್ ಹುಡುಗ. ಅಮ್ಮ ಹಾಳೆ ಮಡಚಿಟ್ಟರು.