ಬಾಗಿಲು ತಟ್ಟದ ಕಾವಲು

ಖರಕ್ ಸಿಂಗ್ ಎಂಬ ಉತ್ತರ ಭಾರತದ ಹಳ್ಳಿಗನ ಮೇಲೆ 1941ರಲ್ಲಿ ದರೋಡೆಯ ಆರೋಪ ಬಂತು. ಸಾಕ್ಷ್ಯ ಸಿಗಲಿಲ್ಲ, ಬಿಟ್ಟುಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವನ ಹೆಸರಿನಲ್ಲಿ ಹಿಸ್ಟರಿ ಶೀಟ್ ಒಂದನ್ನು ತೆರೆದಿಟ್ಟುಕೊಂಡರು. ಚೌಕೀದಾರ ಮತ್ತು ಪೇದೆಗಳು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಬಾಗಿಲು ಬಡಿಯುತ್ತಾರೆ, ಕೂಗಿ ನಿದ್ದೆಯಿಂದ ಎಬ್ಬಿಸುತ್ತಾರೆ, ಪರಊರಿಗೆ ಹೊರಟರೆ ಅಲ್ಲಿನ ಠಾಣೆಗೆ ಮೊದಲೇ ಸುದ್ದಿ ಮುಟ್ಟಿಸುತ್ತಾರೆ ಎಂಬ ದೂರು ಹೊತ್ತು ಆತ ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರ್‌ನಲ್ಲಿ ಆರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ರಾತ್ರಿ ಹೊತ್ತು ಮನೆಗೆ ಬಂದು ತಪಾಸಣೆ ಮಾಡುವುದು ಸಂವಿಧಾನಬಾಹಿರ ಎಂದಿತು. ಮನೆಯ ಹೊರಗೆ ಗುಟ್ಟಾಗಿ ನಿಂತು ಕಾಯುವುದಕ್ಕೆ, ಓಡಾಟದ ಮೇಲೆ ನಿಗಾ ಇಡುವುದಕ್ಕೆ ಮಾತ್ರ ಬಹುಮತದ ತೀರ್ಪು ಅಡ್ಡಿ ಹೇಳಲಿಲ್ಲ. ಖಾಸಗಿತನ ಎಂಬ ಮೂಲಭೂತ ಹಕ್ಕೇ ಇಲ್ಲ ಎಂದೂ ಹೇಳಿತು.

ಭಿನ್ನ ದನಿ ಎತ್ತಿದವರು ನ್ಯಾಯಮೂರ್ತಿ ಕೆ. ಸುಬ್ಬರಾವ್, ಅವರ ಜೊತೆ ನಿಂತವರು ನ್ಯಾಯಮೂರ್ತಿ ಜೆ.ಸಿ. ಶಾ. ಬೇಡಿ ಹಾಕದಿದ್ದರೂ, ಯಾರೋ ನೋಡುತ್ತಿದ್ದಾರೆ ಎಂಬ ಅರಿವಿನಲ್ಲಿ ನಡೆಯುವವನು ಸ್ವತಂತ್ರನಾಗಿ ನಡೆಯುತ್ತಿಲ್ಲ ಎಂಬುದು ಸುಬ್ಬರಾವ್ ಅವರ ವಾದದ ತಿರುಳು. ಇಂಥ ಕಾವಲಿಗೆ ಅವಕಾಶ ಕೊಟ್ಟಿದ್ದ ಇಡೀ ಪೊಲೀಸ್ ನಿಯಮವನ್ನೇ ರದ್ದು ಮಾಡಬೇಕೆಂದರು. ಅವರ ಮಾತು ನಡೆಯಲಿಲ್ಲ.

ಕಂಬದ ಮೇಲಿನ ಕ್ಯಾಮೆರಾದ ಕಥೆಯನ್ನು ಕ್ಯಾಮೆರಾವೇ ಇಲ್ಲದ ಈ ಮೊಕದ್ದಮೆಯಿಂದ ಶುರು ಮಾಡಲು ಕಾರಣವಿದೆ. ಕಾನೂನು ಅಂದು ಹೊಸ್ತಿಲಿನ ಮೇಲೆ ಒಂದು ಗೆರೆ ಎಳೆಯಿತು. ಒಳಗಿರುವುದು ನಿನ್ನದು, ಹೊರಗೆ ಕಾಲಿಟ್ಟರೆ ಎಲ್ಲರ ಕಣ್ಣಿಗೂ ಸೇರಿದವನು ನೀನು. ಬೀದಿಯಲ್ಲಿ ನೋಡುವ ಕಣ್ಣು ಮನುಷ್ಯರದ್ದಾಗಿದ್ದಷ್ಟು ಕಾಲ ಈ ಗೆರೆಯಿಂದ ಅಂಥ ಅಪಾಯವಾಗಲಿಲ್ಲ. ಒಬ್ಬ ಖರಕ್ ಸಿಂಗನನ್ನು ಕಾಯಲು ಹಲವು ಪೇದೆಗಳು ನಿದ್ದೆಗೆಡಬೇಕಿತ್ತು. ಪೇದೆಗೆ ದಣಿವಿತ್ತು, ಮರೆವಿತ್ತು, ಸಂತೆಯ ಜನಜಂಗುಳಿಯಲ್ಲಿ ಹೋಗುವವರೆಲ್ಲರ ಹೆಸರು ಗೊತ್ತಿರಲಿಲ್ಲ. ನಮ್ಮ ಬೀದಿಯ ಸ್ವಾತಂತ್ರ್ಯವನ್ನು ಕಾಯ್ದದ್ದು ಕಾನೂನಿಗಿಂತ ಹೆಚ್ಚಾಗಿ ಈ ದಣಿವು, ಮರೆವು, ಅಪರಿಚಿತತೆಗಳು. ಮುಂದಿನ ಅರವತ್ತು ವರ್ಷಗಳಲ್ಲಿ ಯಂತ್ರ ಇವನ್ನು ಒಂದಾದ ಮೇಲೊಂದರಂತೆ ಕಿತ್ತುಹಾಕಿತು. ಕಾನೂನು ಬಹುಕಾಲ ಹೊಸ್ತಿಲಲ್ಲೇ ನಿಂತಿತ್ತು.

ತಂತಿಯ ಮೂಲಕ ದೂರದ ದೃಶ್ಯ ನೋಡುವ ಏರ್ಪಾಡು ಮೊದಮೊದಲು ಬಳಕೆಯಾದ ಕಡೆಗಳಲ್ಲಿ ಎರಡನೆಯ ಮಹಾಯುದ್ಧದ ಜರ್ಮನಿಯೂ ಒಂದು. 1942ರಲ್ಲಿ ಪೀನೆಮುಂಡೆಯ ಉಡಾವಣಾ ನೆಲೆಯಲ್ಲಿ ವಿ-2 ರಾಕೆಟ್ ಹಾರುವುದನ್ನು ಸುರಕ್ಷಿತ ದೂರದಿಂದ ನೋಡಲು ಕ್ಯಾಮೆರಾ ಇಟ್ಟಿದ್ದರು. ಊರಿನ ಬೀದಿಗೆ ಅದನ್ನು ತಂದು ಖಾಯಂ ಆಗಿ ನಿಲ್ಲಿಸಿದ್ದರಲ್ಲಿ ಬ್ರಿಟನ್ ಮುಂದು. 1984ರಲ್ಲಿ ಬ್ರೈಟನ್ನಿನ ಹೋಟೆಲಿನಲ್ಲಿ ಆಳುವ ಪಕ್ಷದ ಸಮಾವೇಶದ ವೇಳೆ ಬಾಂಬ್ ಸಿಡಿಯಿತು. ಮರುವರ್ಷ ಬೋರ್ನ್‌ಮತ್ ಪಟ್ಟಣದ ಕಡಲದಂಡೆಯಲ್ಲಿ ಕ್ಯಾಮೆರಾಗಳು ಬಂದವು. 1993ರಲ್ಲಿ ಲಿವರ್‌ಪೂಲ್ ಬಳಿಯ ಮಳಿಗೆಯೊಂದರಿಂದ ಎರಡು ವರ್ಷದ ಮಗುವೊಂದನ್ನು ಇಬ್ಬರು ಹುಡುಗರು ಕೈಹಿಡಿದು ನಡೆಸಿಕೊಂಡು ಹೋಗುವ ಮಸುಕು ದೃಶ್ಯವನ್ನು ಇಡೀ ದೇಶ ಟಿವಿಯಲ್ಲಿ ಕಂಡಿತು. ಮಗು ಕೊಲೆಯಾಗಿತ್ತು. ಕ್ಯಾಮೆರಾ ಮಗುವನ್ನು ಉಳಿಸಲಿಲ್ಲ, ಕಂಡಿತಷ್ಟೆ. ಆದರೂ ಆ ದೃಶ್ಯ ಕಂಡ ದೇಶಕ್ಕೆ ಕ್ಯಾಮೆರಾ ಬೇಡ ಎನ್ನುವ ಧೈರ್ಯ ಉಳಿಯಲಿಲ್ಲ. ತೊಂಬತ್ತರ ದಶಕದ ಕೊನೆಗೆ ಅಲ್ಲಿನ ಗೃಹ ಇಲಾಖೆ ಅಪರಾಧ ತಡೆಗೆಂದು ಇಟ್ಟ ಹಣದಲ್ಲಿ ಮುಕ್ಕಾಲು ಪಾಲು ಸಿಸಿಟಿವಿಗೇ ಹೋಗುತ್ತಿತ್ತು.

ಅಷ್ಟು ಖರ್ಚಿನಿಂದ ಏನಾಯಿತು? ಗೃಹ ಇಲಾಖೆಯೇ ಮಾಡಿಸಿದ ಅಧ್ಯಯನ 2005ರಲ್ಲಿ ಹೊರಬಂತು. ವಾಹನ ನಿಲ್ಲಿಸುವ ಜಾಗಗಳಲ್ಲಿ ಕಳವು ಇಳಿದಿತ್ತು. ಪೇಟೆಬೀದಿ, ವಸತಿ ಬಡಾವಣೆಗಳಲ್ಲಿ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಅದಕ್ಕೂ ಮುಂಚೆ, 1999ರಲ್ಲಿ, ಕ್ಲೈವ್ ನಾರಿಸ್ ಮತ್ತು ಗ್ಯಾರಿ ಆರ್ಮ್‌ಸ್ಟ್ರಾಂಗ್ ಎಂಬ ವಿದ್ವಾಂಸರು ಕಂಟ್ರೋಲ್ ರೂಮುಗಳಲ್ಲಿ 592 ಗಂಟೆ ಕುಳಿತು ನೋಡಿದ್ದನ್ನು ಬರೆದಿದ್ದರು. ಈ ಕ್ಷೇತ್ರದಲ್ಲಿ ನಾನು ಓದಿದ್ದರಲ್ಲಿ ಅದರಷ್ಟು ಕಣ್ಣು ತೆರೆಸಿದ್ದು ಬೇರೆ ಇಲ್ಲ. ಪರದೆಯ ಮುಂದೆ ಕುಳಿತವರು ಹಿಂಬಾಲಿಸುತ್ತಿದ್ದುದು ಹೆಚ್ಚಾಗಿ ಹರೆಯದ ಗಂಡುಹುಡುಗರನ್ನು, ಕಪ್ಪು ಜನರನ್ನು. ಅದೂ ಏನಾದರೂ ಮಾಡಿದರು ಎಂದಲ್ಲ, ನೋಡಲು ಹಾಗಿದ್ದರು ಎಂದು. ಹೆಂಗಸರ ಮೇಲೆ ಕ್ಯಾಮೆರಾ ತಿರುಗಿಸಿದ ಪ್ರತಿ ಹತ್ತರಲ್ಲಿ ಒಂದು ಬರೀ ಚಪಲಕ್ಕಾಗಿತ್ತು.

1995ರಲ್ಲಿ ಬ್ರೆಂಟ್‌ವುಡ್ ಪಟ್ಟಣದ ಬೀದಿಯಲ್ಲಿ ಒಬ್ಬಾತ ಬದುಕು ಸಾಕಾಗಿ ಚಾಕು ಹಿಡಿದು ನಿಂತಿದ್ದ. ಕ್ಯಾಮೆರಾದಲ್ಲಿ ಅದನ್ನು ಕಂಡವರು ಪೊಲೀಸರನ್ನು ಕಳಿಸಿದರು, ಜೀವ ಉಳಿಯಿತು. ಅದು ಕ್ಯಾಮೆರಾದ ಪುಣ್ಯ. ಆದರೆ ಅಲ್ಲಿನ ಪೌರಾಡಳಿತ ತನ್ನ ಕ್ಯಾಮೆರಾಗಳ ಹಿರಿಮೆ ಸಾರಲು ಆ ದೃಶ್ಯಗಳನ್ನು ಪತ್ರಿಕೆಗಳಿಗೂ ಟಿವಿಗೂ ಕೊಟ್ಟಿತು. ನೆರೆಹೊರೆಯವರು ಆತನನ್ನು ಗುರುತಿಸಿದರು. ಬದುಕಿನ ಅತ್ಯಂತ ದುರ್ಬಲ ಗಳಿಗೆ ಊರವರ ನೋಟಕ್ಕೆ ಸಿಕ್ಕಿತು. 2003ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆತನ ಪರ ತೀರ್ಪು ಕೊಟ್ಟಿತು. ಬೀದಿಯಲ್ಲಿ ನಿಂತವನಿಗೂ ಖಾಸಗಿ ಬದುಕು ಉಂಟು ಎಂದು ಒಪ್ಪಿಸಲು ಆತ ವರ್ಷಗಟ್ಟಲೆ ಹೋರಾಡಬೇಕಾಯಿತು.

ನಮ್ಮಲ್ಲಿ ಭಯವೆಲ್ಲ ಕಿವಿಯದ್ದಾಗಿತ್ತು. ಗೋಡೆಗೂ ಕಿವಿಯಿದೆ ಎಂದು ಎಚ್ಚರಿಸುತ್ತ ಬಂದ ಭಾಷೆ ನಮ್ಮದು. ಫೋನ್ ಕದ್ದಾಲಿಕೆಯ ಆರೋಪಕ್ಕೆ 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಕರ್ನಾಟಕದ ಮುಖ್ಯಮಂತ್ರಿ ಪದವಿಯನ್ನೇ ಬಿಟ್ಟರು. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು, ಗೃಹ ಕಾರ್ಯದರ್ಶಿಯ ಆದೇಶವಿಲ್ಲದೆ ಫೋನ್ ಕದ್ದಾಲಿಸಬಾರದು, ಆ ಆದೇಶಕ್ಕೆ ಅವಧಿ ಇರಬೇಕು, ಅದನ್ನು ಪರಿಶೀಲಿಸುವ ಸಮಿತಿ ಇರಬೇಕು ಎಂದು ಕಟ್ಟು ಹಾಕಿತು. ಕಣ್ಣಿಗೆ ಅಂಥ ಕಟ್ಟನ್ನು ಇಂದಿಗೂ ಯಾರೂ ಹಾಕಿಲ್ಲ.

ಕಣ್ಣು ಬಂದದ್ದು ದುಃಖದ ಬೆನ್ನಿಗೆ. 2008ರ ಜುಲೈನಲ್ಲಿ ಬೆಂಗಳೂರಿನ ಸರಣಿ ಸ್ಫೋಟ, ನವೆಂಬರ್‌ನಲ್ಲಿ ಮುಂಬೈ ದಾಳಿ. 2012ರ ಡಿಸೆಂಬರ್‌ನ ದೆಹಲಿಯ ಸಾಮೂಹಿಕ ಅತ್ಯಾಚಾರದ ಬಳಿಕ, 2013ರ ಬಜೆಟ್ಟಿನಲ್ಲಿ 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಬಳಿಯ ಎಟಿಎಂನಲ್ಲಿ ಒಬ್ಬ ಮಹಿಳೆಯ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಷಟರ್ ಎಳೆಯುವುದರಿಂದ ಹಿಡಿದು ಆತ ಹೊರಬೀಳುವ ತನಕ ಕ್ಯಾಮೆರಾ ಎಲ್ಲವನ್ನೂ ಕಂಡಿತ್ತು. ವಾಹಿನಿಗಳು ಅದನ್ನು ದಿನಗಟ್ಟಲೆ ತೋರಿಸಿದವು. ಆ ಹೆಣ್ಣುಮಗಳ ರಕ್ತ, ಕುಸಿದ ದೇಹ ನಮ್ಮೆಲ್ಲರ ನಡುಮನೆಯಲ್ಲಿ ಮತ್ತೆ ಮತ್ತೆ ಮೂಡಿತು. ನಾನೂ ನೋಡಿದೆ, ಚಾನೆಲ್ ಬದಲಿಸಲಿಲ್ಲ. ಈಗ ಬ್ರೆಂಟ್‌ವುಡ್‌ನ ಆ ವ್ಯಕ್ತಿಯ ನೆನಪಾದಾಗಲೆಲ್ಲ ಅದು ಚುಚ್ಚುತ್ತದೆ. ಮುಖ ಅಷ್ಟು ಸ್ಪಷ್ಟವಾಗಿದ್ದ ಆರೋಪಿ ಸಿಕ್ಕಿದ್ದು ಮೂರು ವರ್ಷ ಕಳೆದು, 2017ರಲ್ಲಿ, ಆಂಧ್ರದ ಪೊಲೀಸರ ಕೈಗೆ. 2013ರ ಜುಲೈನಲ್ಲೇ ದೆಹಲಿ ಮೆಟ್ರೋದ ಕ್ಯಾಮೆರಾಗಳು ಹಿಡಿದ ಜೋಡಿಗಳ ದೃಶ್ಯಗಳು ಅಶ್ಲೀಲ ತಾಣಗಳಿಗೆ ಸೋರಿದ ಸುದ್ದಿ ಬಂದಿತ್ತು. ಭದ್ರತೆಗೆಂದು ಇಟ್ಟ ಬೇಲಿಯೇ ಎದ್ದು ಹೊಲ ಮೇದಿತ್ತು.

ಆಮೇಲಿನದು ವೇಗದ ಕಥೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತೆ (ಕ್ರಮಗಳ) ಜಾರಿ ಕಾಯ್ದೆ, ಹೆಚ್ಚು ಜನ ಸೇರುವ ಮಳಿಗೆ, ಆಸ್ಪತ್ರೆ, ಶಾಲೆಗಳೆಲ್ಲ ತಮ್ಮ ಖರ್ಚಿನಲ್ಲೇ ಕ್ಯಾಮೆರಾ ಹಾಕಿಸಿ, 30 ದಿನದ ಫೂಟೇಜ್ ಉಳಿಸಿ, ಪೊಲೀಸರಿಗೆ ಒದಗಿಸಬೇಕೆಂದಿತು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಗೆ ಆರಿಸಿದ ಎಂಟು ನಗರಗಳಲ್ಲಿ ಬೆಂಗಳೂರೂ ಒಂದು. ಸುಮಾರು 667 ಕೋಟಿ ರೂಪಾಯಿ, 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾ. 2023ರ ನವೆಂಬರ್‌ನಲ್ಲಿ ಅದರ ಕಮಾಂಡ್ ಸೆಂಟರ್ ಉದ್ಘಾಟನೆಯಾಯಿತು. 2022ರ ಡಿಸೆಂಬರ್‌ನಿಂದ 50 ಜಂಕ್ಷನ್ನುಗಳಲ್ಲಿ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳು ಸಿಗ್ನಲ್ ಜಿಗಿದವರ ಮೊಬೈಲಿಗೆ ದಂಡದ ಸಂದೇಶ ಕಳಿಸುತ್ತಿವೆ. 2021ರಲ್ಲಿ ದೆಹಲಿಯ ಮುಖ್ಯಮಂತ್ರಿ, ಚದರ ಮೈಲಿಗೆ 1,826 ಕ್ಯಾಮೆರಾಗಳೊಂದಿಗೆ ತಮ್ಮ ನಗರ ಜಗತ್ತಿಗೇ ಮೊದಲು ಎಂದು ಹೆಮ್ಮೆಪಟ್ಟರು. ದಣಿವು ಹೋಯಿತು, ಮರೆವು ಹೋಯಿತು. ಉಳಿದದ್ದು ಅಪರಿಚಿತತೆ.

ಅದೂ ಹೋದ ಬಗೆಯನ್ನು ತುಸು ನಿಂತು ನೋಡಬೇಕು. 2018ರಲ್ಲಿ ದೆಹಲಿ ಪೊಲೀಸರು ಮುಖ ಗುರುತಿಸುವ ತಂತ್ರಾಂಶ ತಂದದ್ದು ಕಳೆದುಹೋದ ಮಕ್ಕಳನ್ನು ಹುಡುಕಲು, ಅಲ್ಲಿನ ಹೈಕೋರ್ಟಿನ ಕಣ್ಣಳತೆಯಲ್ಲಿ. ಯಾರು ತಾನೇ ಬೇಡವೆಂದಾರು? ಅದರ ನಿಖರತೆ ಶೇ 2 ಎಂದು ಪೊಲೀಸರೇ ಆ ವರ್ಷ ಕೋರ್ಟಿಗೆ ತಿಳಿಸಿದರು. ಮರುವರ್ಷದ ಡಿಸೆಂಬರ್‌ನಲ್ಲಿ ರಾಮಲೀಲಾ ಮೈದಾನದ ರಾಜಕೀಯ ಸಭೆಗೆ ಬಂದವರ ಮುಖಗಳನ್ನು ಜಾಲಿಸಲು ಅದೇ ತಂತ್ರಜ್ಞಾನ ಬಳಕೆಯಾಯಿತೆಂದು ವರದಿಯಾಯಿತು. 2020ರ ಮಾರ್ಚ್‌ನಲ್ಲಿ ಕೇಂದ್ರ ಗೃಹ ಸಚಿವರು, ದೆಹಲಿ ಗಲಭೆಯ ದೃಶ್ಯಗಳಿಂದ ಸಾವಿರಕ್ಕೂ ಹೆಚ್ಚು ಜನರನ್ನು ಗುರುತಿಸಿದ್ದೇವೆ, ಮತದಾರರ ಚೀಟಿ ಮತ್ತು ಡ್ರೈವಿಂಗ್ ಲೈಸೆನ್ಸಿನ ಮಾಹಿತಿಯನ್ನು ಇದಕ್ಕೆ ಬಳಸಿದ್ದೇವೆ ಎಂದು ಲೋಕಸಭೆಗೆ ಹೇಳಿದರು. ಗಲಭೆಕೋರರಿಗೆ ಶಿಕ್ಷೆಯಾಗಲೇಬೇಕು. ಆದರೆ ಮತ ಹಾಕಲು, ಗಾಡಿ ಓಡಿಸಲು ಕೊಟ್ಟ ನಮ್ಮ ಚಿತ್ರ ಯಾವ ಕಾನೂನಿನ ಬಲದಿಂದ ಪೊಲೀಸರ ಯಂತ್ರಕ್ಕೆ ಹೋಯಿತು? 2022ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಶೇ 80ರಷ್ಟು ಹೋಲಿಕೆ ಬಂದರೆ ಅದೇ ವ್ಯಕ್ತಿ ಎಂದು ಪರಿಗಣಿಸುತ್ತೇವೆ ಎಂದು ದೆಹಲಿ ಪೊಲೀಸರು ಉತ್ತರಿಸಿದರು.

ಹೋಲಿಕೆ ಎಂಬುದು ಎಲ್ಲ ಮುಖಗಳಿಗೂ ಒಂದೇ ತೂಕದ್ದಲ್ಲ. ಜಾಯ್ ಬುವಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕರು 2018ರಲ್ಲಿ ಮುಖದಿಂದ ಹೆಣ್ಣೋ ಗಂಡೋ ಎಂದು ಹೇಳುವ ತಂತ್ರಾಂಶಗಳನ್ನು ಪರೀಕ್ಷಿಸಿದರು. ಬಿಳಿ ಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 1ರ ಒಳಗೇ ಇತ್ತು, ಕಡುಬಣ್ಣದ ಹೆಂಗಸರ ವಿಷಯದಲ್ಲಿ ಶೇ 34.7ರ ತನಕ ಏರಿತು. 2020ರ ಜನವರಿಯಲ್ಲಿ ಡೆಟ್ರಾಯಿಟ್ ಪೊಲೀಸರು ಇಂಥ ತಪ್ಪು ಹೋಲಿಕೆಯನ್ನು ನಂಬಿ ಒಬ್ಬ ಕಪ್ಪು ಜನಾಂಗದ ವ್ಯಕ್ತಿಯನ್ನು ಅವನ ಮನೆಯಂಗಳದಲ್ಲಿ, ಹೆಂಡತಿ ಮಕ್ಕಳ ಕಣ್ಣೆದುರೇ ಬಂಧಿಸಿದರು.

ಈ ನಡುವೆ ಕಾನೂನು ಹೊಸ್ತಿಲು ದಾಟಿತು. ಆ ಯಶಸ್ಸಿನಲ್ಲಿ ಒಬ್ಬ ಕನ್ನಡ ನಾಡಿನ ಹಿರಿಯರ ಹೆಸರಿದೆ ಎಂಬುದು ನನಗೆ ಅಭಿಮಾನದ ವಿಷಯ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಖಾಸಗಿತನ ಹಕ್ಕೇ ಅಲ್ಲ ಎಂದು ಸರ್ಕಾರ ಹಳೆಯ ತೀರ್ಪುಗಳನ್ನು ಮುಂದೊಡ್ಡಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಅದು ಮೂಲಭೂತ ಹಕ್ಕು ಎಂದಿತು. ಖರಕ್ ಸಿಂಗ್ ತೀರ್ಪಿನ ಆ ಭಾಗ ಬಿದ್ದುಹೋಯಿತು, ಸುಬ್ಬರಾವ್ ಅವರ ಭಿನ್ನ ದನಿ 55 ವರ್ಷ ಕಾದು ಗೆದ್ದಿತು. ಸಾರ್ವಜನಿಕ ಸ್ಥಳದಲ್ಲಿದ್ದಾನೆ ಎಂಬ ಮಾತ್ರಕ್ಕೆ ಮನುಷ್ಯ ಖಾಸಗಿತನ ಕಳೆದುಕೊಳ್ಳುವುದಿಲ್ಲ, ಅದು ವ್ಯಕ್ತಿಗೆ ಅಂಟಿಕೊಂಡದ್ದು, ಜಾಗಕ್ಕಲ್ಲ ಎಂಬ ಅರ್ಥದ ಮಾತು ಆ ತೀರ್ಪಿನಲ್ಲಿದೆ. ಸರ್ಕಾರ ಅದರಲ್ಲಿ ಕೈಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಹಾಕುವ ಕೈ ಉದ್ದೇಶಕ್ಕೆ ತಕ್ಕಷ್ಟೇ ಉದ್ದವಿರಬೇಕು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಮುಖ ಗುರುತಿಸುವ ಕ್ಯಾಮೆರಾಗಳು ಮೊದಲ ಮೆಟ್ಟಿಲಲ್ಲೇ ಎಡವುತ್ತವೆ. ಅವಕ್ಕೆಂದೇ ಒಂದು ಕಾನೂನು ನಮ್ಮಲ್ಲಿಲ್ಲ. 2021ರ ಮೇ ತಿಂಗಳಲ್ಲಿ ಹೈದರಾಬಾದಿನ ಬೀದಿಯಲ್ಲಿ ಪೊಲೀಸರು ಒಬ್ಬ ಸಾಮಾಜಿಕ ಕಾರ್ಯಕರ್ತರನ್ನು ತಡೆದು, ಮಾಸ್ಕ್ ತೆಗೆಯಲು ಹೇಳಿ, ಅವರು ಒಪ್ಪದಿದ್ದರೂ ಫೋಟೊ ತೆಗೆದುಕೊಂಡರು. ಕಾರಣ ಕೇಳಿದ ಅವರು ತೆಲಂಗಾಣ ಹೈಕೋರ್ಟಿಗೆ ಹೋದರು. 2022ರ ಜನವರಿಯಲ್ಲಿ ಕೋರ್ಟು ಸರ್ಕಾರಕ್ಕೆ ನೋಟಿಸ್ ಕೊಟ್ಟಿತು. ಕಾರ್ಡಿಫ್‌ನಲ್ಲಿ ಇಂಥದೇ ಪ್ರಶ್ನೆ ಎದ್ದಾಗ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ, ಯಾರನ್ನು ಹುಡುಕಬೇಕು, ಎಲ್ಲಿ ಹುಡುಕಬೇಕು ಎಂಬುದನ್ನು ಪೊಲೀಸರ ಮರ್ಜಿಗೆ ಬಿಡಲಾಗದು ಎಂದಿತ್ತು. ಯುರೋಪಿನ ಒಕ್ಕೂಟ 2025ರ ಫೆಬ್ರವರಿಯಿಂದ, ಬೀದಿಯಲ್ಲಿ ಹೋಗುವವರ ಮುಖವನ್ನು ಪೊಲೀಸರು ಆ ಕ್ಷಣವೇ ಯಂತ್ರದಿಂದ ಗುರುತಿಸುವುದನ್ನು ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಡೆದದ್ದು ತಿರುಗಾಮುರುಗಾ. ದೇಶದ ಭದ್ರತೆ, ಸಾರ್ವಜನಿಕ ಶಾಂತಿಯಂಥ ಕಾರಣಗಳಿಗೆ ಕೇಂದ್ರ ಸರ್ಕಾರ ತಾನು ಬಯಸಿದ ಸಂಸ್ಥೆಯನ್ನು ಇಡೀ ಕಾಯ್ದೆಯಿಂದಲೇ ಹೊರಗಿಡಬಹುದು. ಅಂಗಡಿಯವನಿಗೆ ಇರುವ ಲಗಾಮು ಅಧಿಕಾರಕ್ಕಿಲ್ಲ.

ಕ್ಯಾಮೆರಾ ಬೇಡವೇ ಬೇಡ ಎನ್ನುವವನು ನಾನಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ, ಟೋಪಿ ಹಾಕಿದ ಆರೋಪಿಯ ಜಾಡು ಹಿಡಿಯಲು ಕ್ಯಾಮೆರಾಗಳು ನೆರವಾದವು. ಆರು ವಾರದಲ್ಲಿ ಪಶ್ಚಿಮ ಬಂಗಾಳದಲ್ಲಿ ಬಂಧನವಾಯಿತು. ಒಂದು ಅಪರಾಧ ನಡೆದ ಮೇಲೆ ಆ ಹೊತ್ತಿನ, ಆ ಜಾಗದ ದೃಶ್ಯವನ್ನು ಹುಡುಕುವುದು ತನಿಖೆ. ಎಲ್ಲರನ್ನೂ ಎಲ್ಲ ಹೊತ್ತೂ ಹೆಸರು ಸಮೇತ ದಾಖಲಿಸಿಟ್ಟು, ಬೇಕಾದಾಗ ಅಪರಾಧ ಹುಡುಕುವುದು ಬೇರೆಯೇ ಕೆಲಸ. ತಪ್ಪು ಮಾಡದವರಿಗೆ ಭಯವೇಕೆ ಎಂದು ಕೇಳುವವರಿಗೆ ನಾನು ಖರಕ್ ಸಿಂಗನ ಕಥೆ ಹೇಳುತ್ತೇನೆ. ಅವನ ಮೇಲಿನ ಆರೋಪಕ್ಕೆ ಸಾಕ್ಷ್ಯವೇ ಇರಲಿಲ್ಲ.

ಬೀದಿಬದಿಯ ಫಲಕಗಳಲ್ಲಿ ಕಾಣುವ ಕಣ್ಗಾವಲು ಎಂಬ ಮಾತಿನೊಳಗೆ ಕಾವಲು ಇದೆ. ಹೊಲ ಕಾಯುವವನು ಬೆಳೆಗೆ ಬೆನ್ನು ಕೊಟ್ಟು ದಾರಿಯ ಕಡೆ ಮುಖ ಮಾಡಿ ಕೂರುತ್ತಾನೆ. ನಮ್ಮ ಕಂಬಗಳ ಮುಖ ಬೆಳೆಯ ಕಡೆಗೇ ಇದೆ. ಅಧಿಕಾರದ ಕಡೆ ಮುಖ ಮಾಡಬೇಕೆಂದು ಸ್ಪಷ್ಟವಾಗಿ ಆದೇಶವಾದ ಕ್ಯಾಮೆರಾಗಳೂ ಇವೆ. 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟು, ದೇಶದ ಪ್ರತಿ ಪೊಲೀಸ್ ಠಾಣೆಯ ಬಾಗಿಲು, ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೋಣೆಗಳಲ್ಲಿ ಕತ್ತಲಲ್ಲೂ ಕಾಣುವ, ಧ್ವನಿಯನ್ನೂ ಹಿಡಿಯುವ ಕ್ಯಾಮೆರಾ ಇರಬೇಕು, ಫೂಟೇಜ್ 18 ತಿಂಗಳು ಉಳಿಯಬೇಕು, ಹಿಂಸೆಗೆ ಒಳಗಾದವರಿಗೆ ಅದು ಸಿಗಬೇಕು ಎಂದು ಹೇಳಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟು, ರಾಜಸ್ಥಾನದಲ್ಲಿ ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿ ಸತ್ತ ಪತ್ರಿಕಾ ವರದಿಯನ್ನು ಓದಿ, ಠಾಣೆಗಳಲ್ಲಿ ಕೆಲಸ ಮಾಡದ ಕ್ಯಾಮೆರಾಗಳ ಬಗ್ಗೆ ತಾನಾಗಿಯೇ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು.